‘ರಿಲಯಬಲ್’ ಅಂದರೆ ‘ನಂದು ಕೆಟ್ಟಿಲ್ಲ’ ಅಂತಲ್ಲ

ಮದುವೆ ಸೀಸನ್ ಹತ್ತಿರ ಬಂತೆಂದರೆ ಮುಂಬಯಿಯ ನಮ್ಮ ಫೋಟೋಗ್ರಾಫರ್ ಹುಡುಗರ ಬಾಯಲ್ಲಿ ಇದೊಂದೇ ಪದ. “ಅಣ್ಣ, ಈ ಕ್ಯಾಮೆರಾ ಬಾಡಿ ಹೇಗೆ?” ಅಂದರೆ, “ನಾಲ್ಕು ವರ್ಷದಿಂದ ಉಂಟು ಮಾರಾಯ, ಏನೂ ಆಗ್ಲಿಲ್ಲ. ರಿಲಯಬಲ್.” ಅದು ಒಂದು ಕ್ಯಾಮೆರಾದ ಜಾತಕ, ಅಷ್ಟೆ. ರಿಲಯಬಿಲಿಟಿ ಅನ್ನುವುದು ದರ: ಆ ಮಾಡೆಲ್‌ನ ನೂರು ಬಾಡಿಗಳಲ್ಲಿ, ಇಷ್ಟು ಬಳಕೆಯೊಳಗೆ, ಎಷ್ಟು ಕೆಡುತ್ತವೆ ಅನ್ನುವ ಲೆಕ್ಕ.

“ಒಬ್ಬರಲ್ಲ, ಹತ್ತು ಜನರನ್ನು ಕೇಳಿದೆ” ಅನ್ನುವವರು ಇನ್ನೂ ಅಪಾಯ. ನಾಲ್ಕು ವರ್ಷದಲ್ಲಿ ನೂರಕ್ಕೆ 5 ಕೆಡುವ ಮಾಡೆಲ್ ಇದೆ ಅನ್ನಿ. ಹತ್ತಕ್ಕೆ ಹತ್ತೂ ಮಂದಿ ‘ಏನೂ ಆಗ್ಲಿಲ್ಲ’ ಅನ್ನುವ ಸಾಧ್ಯತೆ ಸುಮಾರು ಶೇ. 60. ನೂರಕ್ಕೆ 10 ಕೆಡುವ ಮಾಡೆಲ್‌ನಲ್ಲೂ ಅದು ಶೇ. 35. ಅಂದರೆ ಎರಡು ಪಟ್ಟು ಕೆಟ್ಟ ಮಾಲಿಗೂ ಮೂರರಲ್ಲಿ ಒಂದು ಸಲ ಹತ್ತಕ್ಕೆ ಹತ್ತು ಅಂಕ! ಕೈಲೆಕ್ಕ ಸುಲಭ: ಎಲ್ಲರೂ ‘ಸರಿ ಇದೆ’ ಅಂದರೆ ಮೂರನ್ನು ಆ ಜನರ ಸಂಖ್ಯೆಯಿಂದ ಭಾಗಿಸಿ, ಕೆಡುವ ದರ ಹೆಚ್ಚೆಂದರೆ ಎಷ್ಟಿರಬಹುದು ಅನ್ನುವುದು ಸಿಗುತ್ತದೆ. ಮೂವತ್ತು ಜನ ಅಂದರೂ ಕೆಡುವ ದರ ಶೇ. 10ರವರೆಗೆ ಇರಬಹುದು. ಶೇ. 1ರ ಒಳಗೆ ಅಂತ ಹೇಳಬೇಕಾದರೆ ಮುನ್ನೂರು ಜನ ಬೇಕು. (ಹತ್ತಿಪ್ಪತ್ತು ಜನಕ್ಕೆ ಇದು ಬರೀ ಅಂದಾಜು.)

ಬೈಗುಳದ ಕಥೆಯೂ ಅಷ್ಟೆ. ಕ್ಯಾಮೆರಾ ಕೆಟ್ಟವನು ಊರಿಗೆಲ್ಲ ಸಾರುತ್ತಾನೆ, ಸರಿ ಇದ್ದವನು ಶೂಟಿಂಗ್‌ನಲ್ಲಿರುತ್ತಾನೆ. ಒಟ್ಟು ಎಷ್ಟು ಮಾರಾಟವಾಯಿತು ಅನ್ನುವುದು ಇಬ್ಬರಿಗೂ ಗೊತ್ತಿಲ್ಲ. ಜುಲೈಯಲ್ಲಿ ಬ್ಯಾಗಿನೊಳಗೇ ಮುಚ್ಚಿಟ್ಟ ಲೆನ್ಸಿಗೆ ಫಂಗಸ್ ಹಿಡಿದರೆ ಅದನ್ನೂ ಕಂಪನಿಯ ತಲೆಗೆ ಕಟ್ಟುವವರಿದ್ದಾರೆ. ಅದು ಮುಂಬಯಿ ಮಳೆಗಾಲದ ತೇವ. ಡ್ರೈ ಕ್ಯಾಬಿನೆಟ್‌ನಲ್ಲಿ (ತೇವ ಹೀರುವ ಕಪಾಟು) ಶೇ. 40–50 ತೇವಾಂಶಕ್ಕೆ ಇಡಬೇಕಿತ್ತು.

ಹಾಗಂತ ನಾಲ್ಕು ಜನರ ಮಾತು ಪೂರ್ತಿ ದಂಡವಲ್ಲ. ಎಲ್ಲರದ್ದೂ ಒಂದೇ ಭಾಗ, ಒಂದೇ ರೀತಿ ಕೆಟ್ಟಿದ್ದರೆ ಕಿವಿಗೊಡಿ. 2012ರ ನಿಕಾನ್ ಡಿ600 ಕ್ಯಾಮೆರಾದಲ್ಲಿ ಹಾಗೇ ಆಯಿತು: ಒಬ್ಬರಾದ ಮೇಲೊಬ್ಬರ ಫೋಟೋಗಳಲ್ಲಿ ಮೇಲಿನ ಎಡಮೂಲೆಯಲ್ಲೇ ಕಲೆಗಳು. ಕೊನೆಗೆ 2014ರಲ್ಲಿ ಕಂಪನಿಯೇ ಶಟರ್ (ಕ್ಲಿಕ್ಕಿಸಿದಾಗ ತೆರೆದು ಮುಚ್ಚುವ ಪರದೆ) ಪುಕ್ಕಟೆ ಬದಲಿಸಿಕೊಡಲು ಒಪ್ಪಿತು.

ಹಾಗಾಗಿ ‘ಹೇಗಿದೆ?’ ಅಂತ ಕೇಳಬೇಡಿ. ಶಟರ್ ಕೌಂಟ್ (ಇದುವರೆಗಿನ ಒಟ್ಟು ಕ್ಲಿಕ್) ಎಷ್ಟು, ವಿಡಿಯೋ ಎಷ್ಟು ಓಡಿಸಿದ್ದೀರಿ, ಕೆಟ್ಟಿದ್ದರೆ ಯಾವ ಭಾಗ, ಬಿದ್ದಿತ್ತೇ, ನೆನೆದಿತ್ತೇ ಅಂತ ಕೇಳಿ. ವರ್ಷಕ್ಕೆ ಎರಡು ಸಲ ಗಣಪತಿ, ದೀಪಾವಳಿಗೆ ಹೊರತೆಗೆಯುವವನ ನಾಲ್ಕು ವರ್ಷ, ಮದುವೆಯವನ ಒಂದು ವಾರಾಂತ್ಯಕ್ಕೂ ಸಮನಲ್ಲ.