ಪದ ಪರಿಚಯ: ಬಂದರಿನ ಪೈಲಟ್

ನಮ್ಮ ವಿಜಯಪುರದ ಕಡೆ ಪೈಲಟ್ ಅಂದರೆ ಎರಡೇ ಅರ್ಥ. ಒಂದು, ವಿಮಾನ ಹಾರಿಸುವವರು. ಇನ್ನೊಂದು, ಮಂತ್ರಿಗಳ ಕಾರಿನ ಮುಂದೆ ಸೈರನ್ ಹಾಕಿಕೊಂಡು ಓಡುವ ಪೊಲೀಸ್ ಜೀಪು. ಮೂರನೆಯದೊಂದು ಅರ್ಥ ಇದೆ, ಅದು ಇವೆರಡಕ್ಕಿಂತ ಹಳೆಯದು. ಹೊರಗಿನಿಂದ ಬಂದ ಹಡಗನ್ನು ಬಂದರಿನೊಳಗೆ ಕರೆತಂದು ನಿಲ್ಲಿಸುವ, ಮತ್ತೆ ಹೊರಗೆ ಬಿಟ್ಟು ಬರುವ ಅಧಿಕಾರಿಯೂ ಪೈಲಟ್.

ನಮಗೆ ಸಮುದ್ರ ದೂರ. ಹಾಗಾಗಿ ಈ ಪದ ಕಿವಿಗೆ ಬಿದ್ದಿರೋದು ಕಡಿಮೆ. ಆದರೆ ಕಬ್ಬಿಗೆ ಹಾಕುವ ಪೊಟ್ಯಾಷ್ ಗೊಬ್ಬರ ಹೊರದೇಶದಿಂದ ಹಡಗಿನಲ್ಲೇ ಬರಬೇಕು. ಅಂಥ ಹಡಗನ್ನು ದಡ ಮುಟ್ಟಿಸುವುದು ಪೈಲಟ್ ಕೆಲಸ.

ಹಡಗಿನಲ್ಲಿ ಕ್ಯಾಪ್ಟನ್ ಇರುತ್ತಾರಲ್ವಾ? ಸಾಗರ ದಾಟಿ ಬಂದವರಿಗೆ ಕೊನೆಯ ನಾಲ್ಕೈದು ಮೈಲಿ ದಾರಿ ತೋರಿಸೋಕೆ ಇನ್ನೊಬ್ಬರು ಯಾಕೆ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಕೊಲ್ಹಾರದಲ್ಲಿ.

ಹಳೇ ಕೊಲ್ಹಾರ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ್ದು ಈ ಭಾಗದವರಿಗೆಲ್ಲ ಗೊತ್ತು. ಕೆಲವು ವರ್ಷದ ಹಿಂದೆ ಅಲ್ಲಿ ಮೀನುಗಾರರೊಬ್ಬರ ತೆಪ್ಪದಲ್ಲಿ ಕೂತಿದ್ದೆ. ನೀರು ಕನ್ನಡಿಯ ಹಾಗೆ ನಿಂತಿತ್ತು. ನೇರ ಹೋದರೆ ದಂಡೆ ಹತ್ತಿರ. ಅವರು ಮಾತ್ರ ಬಲಕ್ಕೆ ದೊಡ್ಡ ಸುತ್ತು ಹೊಡೆದರು. ಯಾಕೆ ಅಂತ ಕೇಳಿದೆ. "ಇಲ್ಲಿ ಕೆಳಗ ಗ್ವಾಡಿ ಐತ್ರಿ. ಬ್ಯಾಸಗ್ಯಾಗ ನೀರು ಇಳದ್ರ ತುದಿ ಕಾಣ್ತೈತಿ" ಅಂದರು. ಹುಟ್ಟನ್ನು ನೀರೊಳಗೆ ಇಳಿಸಿ ತಟ್ಟಿದರು. ಟಕ್ ಅಂತ ಕಲ್ಲಿನ ಸದ್ದು ಬಂತು. ನನ್ನ ಫೋನಿನ ಮ್ಯಾಪಿನಲ್ಲಿ ಆ ಜಾಗ ಬರೀ ನೀಲಿ.

ಪೈಲಟ್ ಕೆಲಸವೂ ಇಂಥದ್ದೇ. ಕ್ಯಾಪ್ಟನ್‌ಗೆ ತನ್ನ ಹಡಗು ಗೊತ್ತು. ಪೈಲಟ್‌ಗೆ ಈ ಒಂದು ಬಂದರಿನ ನೀರು ಗೊತ್ತು. ಹೂಳು ಎಲ್ಲಿ ತುಂಬಿದೆ, ಭರತ ಯಾವ ಹೊತ್ತಿಗೆ ಏರುತ್ತದೆ, ಮಳೆಗಾಲದ ಗಾಳಿ ಹಡಗನ್ನು ಯಾವ ಕಡೆ ತಳ್ಳುತ್ತದೆ, ಟಗ್ ದೋಣಿ ಎಲ್ಲಿ ನಿಂತು ಎಳೆಯಬೇಕು, ಇವೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಕೋಲ್ಕತ್ತ ಬಂದರಿನಲ್ಲಂತೂ ಸಮುದ್ರದಿಂದ ಹೂಗ್ಲಿ ನದಿಯ ಮೂಲಕ ಬಂದರಿನವರೆಗಿನ ಪೈಲಟ್ ದಾರಿಯೇ 200 ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಮರಳು ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಆ ನದಿಯಲ್ಲಿ 2018ರಲ್ಲಿ ರೇಷ್ಮಾ ನಿಲೋಫರ್ ನಾಹಾ ದೇಶದ ಮೊದಲ ಮಹಿಳಾ ಪೈಲಟ್ ಆದರು.

ಪದದ ಬೇರು ಗ್ರೀಕ್‌ನಲ್ಲಿದೆ. ಅಲ್ಲಿ ದೋಣಿ ತಿರುಗಿಸುವ ಹುಟ್ಟಿಗೆ ಇದ್ದ ಹೆಸರು ಇಟಾಲಿಯನ್, ಫ್ರೆಂಚ್ ದಾಟಿ ಪೈಲಟ್ ಆಯಿತು. ವಿಮಾನದವರು ಇದನ್ನು ಹಡಗಿನವರಿಂದಲೇ ಪಡೆದರು. ನಮ್ಮ ಚುಕ್ಕಾಣಿಯೂ ಹೀಗೇ ನೀರಿನ ಮೇಲೆ ಬಂದ ಪದ. ಅರಬ್ಬಿಯಲ್ಲಿ ಸುಕ್ಕಾನ್ ಅಂದರೆ ಹಡಗು ತಿರುಗಿಸುವ ಹಲಗೆ.

ಈಗ ಪೈಲಟ್ ಹಡಗು ಹತ್ತುವ ಬಗೆ ನೋಡಿ. ದೊಡ್ಡ ಹಡಗು ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗಿ ಸಾಗುತ್ತಲೇ ಇರುತ್ತದೆ. ಪೈಲಟ್ ದೋಣಿ ಅದರ ಪಕ್ಕಕ್ಕೆ ಬಂದು ಅದೇ ವೇಗದಲ್ಲಿ ಓಡುತ್ತದೆ. ಮೇಲಿನಿಂದ ಹಗ್ಗದ ಏಣಿ ಇಳಿಬಿಟ್ಟಿರುತ್ತಾರೆ. ದೋಣಿ ಅಲೆಯ ತುದಿಗೆ ಏರಿದ ಆ ಒಂದು ಕ್ಷಣದಲ್ಲಿ ಪೈಲಟ್ ಏಣಿ ಹಿಡಿದು ಹತ್ತಬೇಕು. ತಡವಾದರೆ ದೋಣಿ ಕೆಳಗೆ ಹೋಗಿ ಮತ್ತೆ ಮೇಲೆದ್ದು ಕಾಲಿಗೆ ಬಡಿಯಬಹುದು. ಈ ಏಣಿಯ ಮೇಲೆ ಜೀವ ಕಳೆದುಕೊಂಡ ಪೈಲಟ್‌ಗಳಿದ್ದಾರೆ. ಹಾಗಾಗಿಯೇ ಏಣಿಗೆ ಅಷ್ಟು ಬಿಗಿ ನಿಯಮ. ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಬರೀ ಹಗ್ಗದ ಏಣಿಯಲ್ಲಿ 9 ಮೀಟರಿಗಿಂತ ಎತ್ತರ ಹತ್ತಿಸುವಂತಿಲ್ಲ. ಅದಕ್ಕಿಂತ ಎತ್ತರ ಇದ್ದರೆ ಹಡಗಿನ ಓರೆ ಮೆಟ್ಟಿಲನ್ನೂ ಜೊತೆಗೆ ಇಳಿಸಬೇಕು. ಕೆಳಗಿನ ನಾಲ್ಕು ಮೆಟ್ಟಿಲು ರಬ್ಬರಿನದ್ದಿರಬಹುದು. ದೀಪ ಇರುವ ಲೈಫ್‌ಬಾಯ್, ಅಂದರೆ ನೀರಿಗೆ ಬಿದ್ದವರು ಹಿಡಿದು ತೇಲುವ ಬಳೆ, ಪಕ್ಕದಲ್ಲೇ ಇರಬೇಕು. ಹಡಗಿನ ಒಬ್ಬ ಅಧಿಕಾರಿ ನಿಂತು ನೋಡಿಕೊಳ್ಳಬೇಕು. ಒಂದು ಗಂಟು ಸಡಿಲ ಇದ್ದರೂ ಹತ್ತೋದಿಲ್ಲ ಅನ್ನುವ ಹಕ್ಕು ಪೈಲಟ್‌ಗೆ ಇರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಪೈಲಟ್ ಹತ್ತಿದ ಮೇಲೆ ಹಡಗಿನ ಮೇಲೆ ಬಿಳಿ-ಕೆಂಪು ಬಾವುಟ ಏರುತ್ತದೆ. 'ನಮ್ಮಲ್ಲಿ ಪೈಲಟ್ ಇದ್ದಾರೆ' ಅಂತ ಅದರ ಅರ್ಥ. ಹಾಗಂತ ಹಡಗು ಅವರ ಕೈಗೆ ಪೂರ್ತಿ ಹೋಗುವುದಿಲ್ಲ. ಎಷ್ಟು ವೇಗ, ಎತ್ತ ತಿರುಗಬೇಕು ಅಂತ ಪೈಲಟ್ ಹೇಳುತ್ತಾರೆ. ಹೊಣೆ ಮಾತ್ರ ಕ್ಯಾಪ್ಟನ್‌ದೇ. ಪನಾಮಾ ಕಾಲುವೆಯಂಥ ಕಡೆ ಮಾತ್ರ ಇದಕ್ಕೆ ಬೇರೆ ಪದ್ಧತಿ.

2024ರ ಮಾರ್ಚ್ 26ರ ನಡುರಾತ್ರಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಎಂಬ ಹಡಗಿನ ಕರೆಂಟ್ ಹೋಯಿತು. ಸುಮಾರು 300 ಮೀಟರ್ ಉದ್ದದ ಹಡಗು. ಸಿಬ್ಬಂದಿಯಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಎದುರಿಗೆ ಸೇತುವೆ, ಕೈಯಲ್ಲಿದ್ದದ್ದು ನಾಲ್ಕೇ ನಿಮಿಷ. ಪೈಲಟ್ ಲಂಗರು ಹಾಕಲು ಹೇಳಿದರು. ಸೇತುವೆಯ ಮೇಲೆ ಗಾಡಿ ಬಿಡಬೇಡಿ ಅಂತ ಸುದ್ದಿ ಮುಟ್ಟಿಸಿದರು. ಪೊಲೀಸರು ಗಾಡಿಗಳನ್ನು ತಡೆದರು. ಹಡಗು ಬಡಿದು ಸೇತುವೆ ಬಿತ್ತು. ರಸ್ತೆ ರಿಪೇರಿ ಮಾಡುತ್ತಿದ್ದ 6 ಕಾರ್ಮಿಕರು ಸತ್ತರು. ಆ ಕರೆ ಹೋಗದಿದ್ದರೆ ಇನ್ನೆಷ್ಟು ಜನ ನೀರಿಗೆ ಬೀಳುತ್ತಿದ್ದರೋ.

ಹಡಗಿಗೆ ಪೈಲಟ್ ಬೇಕು ಅನ್ನುವ ವಿಷಯ ನಮ್ಮ ದೇಶದ 1908ರ ಬಂದರು ಕಾಯ್ದೆಯಲ್ಲೇ ಬರೆದಿತ್ತು. ಆ ಕಲಮು ಅನ್ವಯಿಸಿದ ಬಂದರಿನಲ್ಲಿ 200 ಟನ್ ಅಥವಾ ಅದಕ್ಕಿಂತ ದೊಡ್ಡ ಹಡಗು ಪೈಲಟ್, ಹಾರ್ಬರ್ ಮಾಸ್ಟರ್ (ಬಂದರಿನಲ್ಲಿ ಹಡಗುಗಳ ಓಡಾಟ ನೋಡಿಕೊಳ್ಳುವ ಅಧಿಕಾರಿ) ಅಥವಾ ಅವರ ಸಹಾಯಕರಿಲ್ಲದೆ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ, ಜಾಗ ಕೂಡ ಬದಲಿಸುವಂತಿರಲಿಲ್ಲ. 2025ರಲ್ಲಿ ಸಂಸತ್ತು ಆ ಹಳೇ ಕಾಯ್ದೆಯ ಬದಲು ಹೊಸದನ್ನು ಪಾಸ್ ಮಾಡಿತು.

ಪೈಲಟ್ ಆಗೋದು ಸುಮ್ನೆ ಆಗುವ ಮಾತಲ್ಲ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಂಥ ದೊಡ್ಡ ಬಂದರುಗಳಲ್ಲಿ ಸಾಮಾನ್ಯವಾಗಿ ಕೇಳುವುದು ಮಾಸ್ಟರ್ ಸರ್ಟಿಫಿಕೇಟ್. ಅಂದರೆ ದೂರಸಾಗರದ ಹಡಗಿಗೆ ಕ್ಯಾಪ್ಟನ್ ಆಗುವ ಅರ್ಹತೆ. ಅದಾದ ಮೇಲೆ ಅದೇ ಬಂದರಿನಲ್ಲಿ ಹಿರಿಯ ಪೈಲಟ್‌ಗಳ ಜೊತೆ ತರಬೇತಿ, ಪರೀಕ್ಷೆ, ಕೊನೆಗೆ ಲೈಸೆನ್ಸ್. ಒಂದು ಬಂದರಿನ ಲೈಸೆನ್ಸ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಹಾರ್ಬರ್ ಮಾಸ್ಟರ್ ಹುದ್ದೆಗೆ ಸಾಮಾನ್ಯವಾಗಿ ಪೈಲಟ್ ಆಗಿ ಕೆಲಸ ಮಾಡಿದವರೇ ಏರುತ್ತಾರೆ.

ಈ ದಾರಿ ಶುರುವಾಗುವುದು ಪಿಯುಸಿಯಿಂದ, ವಿಜಯಪುರದ ಹುಡುಗ ಹುಡುಗಿಯರಿಗೂ ತೆರೆದಿದೆ. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ ಶೇಕಡಾ 60, ಇಂಗ್ಲಿಷ್‌ನಲ್ಲಿ 50 ಬೇಕು. ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯಬೇಕು. ಆಮೇಲೆ ಕೋರ್ಸು, ಸಮುದ್ರದ ಮೇಲೆ ತರಬೇತಿ, ಒಂದಾದ ಮೇಲೊಂದು ಪರೀಕ್ಷೆ. ಬಣ್ಣಗುರುಡು ಇದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ರಾತ್ರಿ ಎದುರಿನ ಹಡಗು ಎಡಕ್ಕೋ ಬಲಕ್ಕೋ ಅಂತ ತಿಳಿಯುವುದು ಅದರ ಕೆಂಪು, ಹಸಿರು ದೀಪದಿಂದಲೇ. ಹಾಗಾಗಿ ಫೀ ಕಟ್ಟುವ ಮೊದಲು ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ.