‘ಗಿಂತ’ಕ್ಕೆ ‘ದ್ಯಾನ್’ ಸಾಟಿಯಲ್ಲ

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ಸಂಜೆಯ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಸ್ಟೇಟಿನ ರೈಟರುಗಳು, ಹೋಂಸ್ಟೇ ನಡೆಸುವವರು, ಜೀಪು ಓಡಿಸುವ ಹುಡುಗರು, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು, ಹೀಗೆ ನಾನಾ ಬಗೆಯ ಜನ ಬರುತ್ತಾರೆ. ಭೂತ, ವರ್ತಮಾನಗಳ ತೊಡಕು ಇವರಿಗೆ ಮೂರ್ನಾಲ್ಕು ತಿಂಗಳಲ್ಲಿ ಬಿಡಿಸಿಹೋಗುತ್ತದೆ. ‘ಎ’ ಮತ್ತು ‘ದಿ’ಗಳ ಗೊಂದಲ ಕೊನೆಯವರೆಗೂ ಉಳಿದರೂ ಅದರಿಂದ ಯಾರ ಕೆಲಸವೂ ಕೆಡುವುದಿಲ್ಲ. ಕೆಲಸವನ್ನೂ ಕೆಡಿಸಿ ನನ್ನ ತಾಳ್ಮೆಯನ್ನೂ ಕೆಡಿಸುವ ತಪ್ಪು ಒಂದಿದೆ. ‘ಅವಳು ನನಗಿಂತ ಸರಾಗವಾಗಿ ಮಾತಾಡುತ್ತಾಳೆ’ ಎಂಬುದನ್ನು ಇವರು ‘ಶಿ ಸ್ಪೀಕ್ಸ್ ಫ್ಲುಯೆಂಟ್ಲಿ ದ್ಯಾನ್ ಮಿ’ ಎಂದು ಬರೆಯುತ್ತಾರೆ. ‘ಮೋರ್ ಫ್ಲುಯೆಂಟ್ಲಿ’ ಎಂದು ತಿದ್ದಿಕೊಟ್ಟರೆ ಮಾರನೆಯ ದಿನದಿಂದಲೇ ‘ಮೋರ್’ ಅನ್ನು ಕಂಡಕಂಡಲ್ಲಿ ಅಂಟಿಸಿ ‘ಮೋರ್ ಫಾಸ್ಟರ್’, ‘ಮೋರ್ ಬೆಟರ್’ ಎನ್ನತೊಡಗುತ್ತಾರೆ. ಮೊದಲನೆಯದರಲ್ಲಿ ಗುರುತೇ ಇಲ್ಲ, ಎರಡನೆಯದರಲ್ಲಿ ಎರಡೆರಡು ಗುರುತು. ಆದರೂ ಎರಡಕ್ಕೂ ಬೇರು ಒಂದೇ ಎಂಬುದು ನನ್ನ ಅನುಭವ.

ಆ ಬೇರು ನಮ್ಮ ‘ಗಿಂತ’ದಲ್ಲಿದೆ. ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ಹೊರುವುದು ಆ ಒಂದು ಪ್ರತ್ಯಯ. ‘ಅವನು ವೇಗವಾಗಿ ಓಡುತ್ತಾನೆ’, ‘ಅವನು ನನಗಿಂತ ವೇಗವಾಗಿ ಓಡುತ್ತಾನೆ’ ಎಂಬ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ‘ವೇಗವಾಗಿ’ ಎಂಬ ಕ್ರಿಯಾವಿಶೇಷಣ ಎರಡರಲ್ಲೂ ಒಂದಕ್ಷರವೂ ಬದಲಾಗದೆ ನಿಂತಿದೆ; ಬೇಕೆಂದರೆ ‘ಹೆಚ್ಚು’ ಸೇರಿಸಬಹುದು, ಸೇರಿಸದಿದ್ದರೆ ಅರ್ಥಕ್ಕೆ ಕುಂದಿಲ್ಲ. ಇಂಗ್ಲಿಷಿನ ‘ದ್ಯಾನ್’ ಅಷ್ಟು ಕೆಲಸ ಮಾಡುವುದಿಲ್ಲ. ಯಾರೊಡನೆ ಹೋಲಿಸುತ್ತಿದ್ದೇವೆ ಎಂಬುದನ್ನು ತೋರಿಸುವುದಷ್ಟೇ ಅದರ ಪಾಲು. ಹೋಲಿಕೆ ನಡೆಯುತ್ತಿದೆ ಎಂಬುದನ್ನು ಕ್ರಿಯಾವಿಶೇಷಣವೇ ತನ್ನ ರೂಪ ಬದಲಿಸಿಕೊಂಡು, ಇಲ್ಲವೇ ‘ಮೋರ್’ ಅಥವಾ ‘ಲೆಸ್’ ಅನ್ನು ಮುಂದಿಟ್ಟುಕೊಂಡು, ತಾನಾಗಿ ಹೇಳಬೇಕು.

ನಿಘಂಟಿನಲ್ಲಿ ‘ದ್ಯಾನ್’ ಎಂಬುದಕ್ಕೆ ‘ಗಿಂತ’ ಎಂದು ಅರ್ಥ ಕೊಟ್ಟಿರುವುದರಿಂದ ಈ ಮಾತನ್ನು ಯಾರೂ ಸುಲಭವಾಗಿ ನಂಬುವುದಿಲ್ಲ. ಆದ್ದರಿಂದ ಪ್ರತಿ ಹೊಸ ತಂಡಕ್ಕೂ ಹಲಗೆಯ ಮೇಲೆ ಪದಗಳ ಸಾಲನ್ನು ಬರೆದು ತೋರಿಸುತ್ತೇನೆ. ಕನ್ನಡದಲ್ಲಿ ‘ನನಗಿಂತ’ ಮೊದಲು ಬರುತ್ತದೆ, ‘ವೇಗವಾಗಿ’ ಆಮೇಲೆ ಬರುತ್ತದೆ. ‘ವೇಗವಾಗಿ’ ಕಿವಿಗೆ ಬೀಳುವ ಹೊತ್ತಿಗೆ ಕೇಳುವವನಿಗೆ ಇದು ಹೋಲಿಕೆಯೆಂಬುದು ಆಗಲೇ ತಿಳಿದಿರುತ್ತದೆ, ಹಾಗಾಗಿ ಆ ಪದಕ್ಕೆ ಹೊಸ ವೇಷ ಬೇಕಿಲ್ಲ. ಇಂಗ್ಲಿಷಿನಲ್ಲಿ ಸಾಲು ತಿರುಗುಮುರುಗು: ಕ್ರಿಯಾವಿಶೇಷಣ ಮೊದಲು, ‘ದ್ಯಾನ್ ಮಿ’ ಕೊನೆಗೆ. ಮುಂದೆ ಹೋಲಿಕೆ ಬರಲಿದೆ ಎಂದು ಮೊದಲು ಬಂದ ಪದವೇ ಸಾರದಿದ್ದರೆ ಕೇಳುವವನ ಪಾಲಿಗೆ ವಾಕ್ಯ ‘ಫ್ಲುಯೆಂಟ್ಲಿ’ಗೇ ಮುಗಿದಿರುತ್ತದೆ, ಉಳಿದ ‘ದ್ಯಾನ್ ಮಿ’ ಬಾಲದಂತೆ ನೇತಾಡುತ್ತದೆ. ಭಾಷಾಶಾಸ್ತ್ರಜ್ಞರು ಇದಕ್ಕೆ ಬೇರೆ ವಿವರಣೆ ಕೊಟ್ಟಾರು. ಪಾಠ ಹೇಳುವವನಿಗೆ ಕೈಗೆ ಬಂದ ವಿವರಣೆ ಇದು, ಇದನ್ನು ಹಿಡಿದವರು ಬೇಗ ಸುಧಾರಿಸಿದ್ದನ್ನು ಕಂಡಿದ್ದೇನೆ.

ಹೋಲಿಸುವ ವಸ್ತುವನ್ನು ಬಾಯಿಬಿಟ್ಟು ಹೇಳದಿದ್ದಾಗ ತೊಂದರೆ ಇನ್ನೂ ಹೆಚ್ಚು. ಊರಿನ ಹೊರಗೆ ಹೋಂಸ್ಟೇ ನಡೆಸುವ ನನ್ನ ಶಿಷ್ಯರೊಬ್ಬರು ಒಂದು ಶನಿವಾರ ಅತಿಥಿಗಳನ್ನು ಮುಳ್ಳಯ್ಯನಗಿರಿಗೆ ಜೀಪಿನಲ್ಲಿ ಕಳಿಸಿದ್ದರು. ಕೈಮರದ ಚೆಕ್‌ಪೋಸ್ಟಿನ ಮುಂದೆ ವಾಹನಗಳ ಸಾಲು ಬೆಳೆದು ಅವರು ಮೇಲೆ ತಲುಪುವಾಗ ಬಿಸಿಲೇರಿತ್ತು. ಭಾನುವಾರ ಬಾಬಾಬುಡನ್‌ಗಿರಿಗೆ ಹೊರಡಬೇಕಿತ್ತು. ‘ನಾಳೆ ಇನ್ನೂ ಬೇಗ’ ಎಂಬ ಅರ್ಥದಲ್ಲಿ ಇವರು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ಟುಮಾರೊ ಸ್ಟಿಲ್ ಅರ್ಲಿ, ಸರ್’ ಎಂದು ಬರೆದರು. ಅತಿಥಿ ಅದನ್ನು ‘ನಾಳೆ ಅವಸರವಿಲ್ಲ, ಇನ್ನೂ ಹೊತ್ತಿದೆ’ ಎಂದು ಓದಿಕೊಂಡು ಎಂಟೂವರೆಗೆ ಕೋಣೆಯಿಂದ ಹೊರಬಂದರು. ‘ನಾನು ಬರೆದದ್ದರಲ್ಲಿ ಏನು ತಪ್ಪಿದೆ ಮೇಷ್ಟ್ರೇ, ಇನ್ನೂ ಅಂದರೆ ಸ್ಟಿಲ್ ತಾನೇ?’ ಎಂದು ಅವರು ನನ್ನನ್ನೇ ದಬಾಯಿಸಿದರು. ‘ಇನ್ನೂ’ ಅಂದರೆ ‘ಸ್ಟಿಲ್’ ಹೌದು, ಅದರಲ್ಲಿ ತಪ್ಪಿಲ್ಲ. ‘ಸ್ಟಿಲ್ ಅರ್ಲಿಯರ್’ ಎಂದಿದ್ದರೆ ‘ಇನ್ನೂ ಬೇಗ’ ಎಂದೇ ಆಗುತ್ತಿತ್ತು, ‘ಈವನ್ ಅರ್ಲಿಯರ್’ ಎಂದಿದ್ದರೆ ಸಂದೇಹಕ್ಕೆ ಎಡೆಯೇ ಇರುತ್ತಿರಲಿಲ್ಲ. ಕೊನೆಯ ಒಂದು ‘ಅರ್’ ಬಿಟ್ಟುಹೋದದ್ದರಿಂದ ಎಲ್ಲ ಆಯಿತು. ಅಂದು ಗಿರಿಯ ಮೇಲೆ ದಿನವಿಡೀ ಮಂಜು ಮುಸುಕಿ ಏನೂ ಕಾಣಲಿಲ್ಲವಂತೆ; ಅದಕ್ಕೆ ವ್ಯಾಕರಣ ಹೊಣೆಯಲ್ಲ.

ಯಾವ ಪದಕ್ಕೆ ‘ಅರ್’, ಯಾವುದಕ್ಕೆ ‘ಮೋರ್’ ಎಂಬುದರಲ್ಲಿ ಕಷ್ಟ ಕಡಿಮೆ. ‘ಲಿ’ ಎಂದು ಕೊನೆಯಾಗುವ ಕ್ರಿಯಾವಿಶೇಷಣಗಳಿಗೆ ‘ಮೋರ್’: ಮೋರ್ ಕ್ಲಿಯರ್ಲಿ, ಮೋರ್ ಕೇರ್‌ಫುಲ್ಲಿ. ‘ಲಿ’ ಇಲ್ಲದ ಚಿಕ್ಕ ಪದಗಳಿಗೆ ‘ಅರ್’: ಫಾಸ್ಟರ್, ಹಾರ್ಡರ್, ಸೂನರ್, ಲೇಟರ್. ‘ಅರ್ಲಿ’ ಮಾತ್ರ ಕೊನೆಯಲ್ಲಿ ‘ಲಿ’ ಇದ್ದೂ ‘ಅರ್ಲಿಯರ್’ ಆಗುತ್ತದೆ. ‘ವೆಲ್’ ಎಂಬುದು ‘ಬೆಟರ್’, ‘ಬ್ಯಾಡ್ಲಿ’ ಎಂಬುದು ‘ವರ್ಸ್’, ‘ಫಾರ್’ ಎಂಬುದು ‘ಫಾರ್ದರ್’ ಅಥವಾ ‘ಫರ್ದರ್’. ಇವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

‘ಫಾಸ್ಟ್’ಗೆ ‘ಲಿ’ ಏಕಿಲ್ಲ ಎಂದು ಕೇಳುವವರಿಗೆ ಒಂದು ಉತ್ತರವಿದೆ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ‘ಎ’ಕಾರ ಹಚ್ಚಿ ಕ್ರಿಯಾವಿಶೇಷಣ ಮಾಡುವ ಕ್ರಮವಿತ್ತು, ಕಾಲಕ್ರಮದಲ್ಲಿ ಆ ಕೊನೆಯ ಸ್ವರ ಸವೆದುಹೋಗಿ ‘ಫಾಸ್ಟ್’, ‘ಹಾರ್ಡ್’ ಮುಂತಾದವು ಗುಣವಾಚಕವಾಗಿಯೂ ಕ್ರಿಯಾವಿಶೇಷಣವಾಗಿಯೂ ಒಂದೇ ರೂಪದಲ್ಲಿ ಉಳಿದವು. ನಮ್ಮ ಕಿವಿಗೆ ಇದು ಒಗ್ಗುವುದಿಲ್ಲ. ಕನ್ನಡದಲ್ಲಿ ‘ವೇಗವಾಗಿ’, ‘ಸರಾಗವಾಗಿ’, ‘ಗಟ್ಟಿಯಾಗಿ’ ಎಂದು ಬಹುಪಾಲು ‘ಆಗಿ’ಯೇ ಬರುವುದರಿಂದ ‘ಆಗಿ’ ಇರುವಲ್ಲೆಲ್ಲ ‘ಲಿ’ ಇರಲೇಬೇಕೆಂದು ನಮ್ಮವರು ಭಾವಿಸಿ ‘ಫಾಸ್ಟ್ಲಿ’ ಎಂಬ, ಇಂದಿನ ಇಂಗ್ಲಿಷಿನಲ್ಲಿ ಬಳಕೆಯಿಲ್ಲದ ಪದವನ್ನು ಹುಟ್ಟಿಸುತ್ತಾರೆ. ‘ಫಾಸ್ಟ್ಲಿ’ ಎಂದರೆ ನಗು ಬಂದೀತು, ಅರ್ಥ ಕೆಡದು. ಆದರೆ ‘ಹಾರ್ಡ್ಲಿ’, ‘ಲೇಟ್ಲಿ’ ಎಂದರೆ ಅರ್ಥವೇ ಬೇರೆ. ‘ಹಿ ವರ್ಕ್ಸ್ ಹಾರ್ಡ್ಲಿ’ ಎಂದು ಶಿಫಾರಸು ಪತ್ರ ಬರೆದ ಮಾಲೀಕರು ತಮ್ಮ ಆಳು ಕೆಲಸವನ್ನೇ ಮಾಡುವುದಿಲ್ಲವೆಂಬಂತೆ ಬರೆದಿರುತ್ತಾರೆ.

ಎಸ್ಟೇಟಿನ ರೈಟರೊಬ್ಬರು ಹೊರರಾಜ್ಯದ ಕಾಫಿ ವ್ಯಾಪಾರಿಗೆ ‘ರೊಬಸ್ಟಾ ವಿಲ್ ಬಿ ಪಿಕ್ಡ್ ಲೇಟ್ಲಿ ದ್ಯಾನ್ ಅರೇಬಿಕಾ’ ಎಂದು ಬರೆದದ್ದು ನನಗೆ ಮರೆಯದು. ಅರೇಬಿಕಾ ಮೊದಲು ಹಣ್ಣಾಗುತ್ತದೆ, ರೊಬಸ್ಟಾ ಕೊಯ್ಲು ಅದರ ಹಿಂದೆ ಬರುತ್ತದೆ ಎಂಬುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಆದರೆ ‘ಲೇಟ್ಲಿ’ ಎಂದರೆ ‘ಇತ್ತೀಚೆಗೆ’. ಆ ವ್ಯಾಪಾರಿ ಫೋನು ಮಾಡಿ, ರೊಬಸ್ಟಾ ಕೊಯ್ದಾಗಿದೆಯೇ, ಕೊಯ್ದಿದ್ದರೆ ಮಾದರಿ ಏಕೆ ಕಳಿಸಿಲ್ಲ ಎಂದು ಕೇಳಿದರಂತೆ. ರೈಟರು ಪಾಪ, ಹದಿನೈದು ವರ್ಷದ ಅನುಭವಸ್ಥರು, ಲೆಕ್ಕದಲ್ಲಿ ಒಂದು ಪೈಸೆ ತಪ್ಪದವರು. ಅವರಿಗೆ ‘ಲೇಟರ್’ ಎಂದು ತಿದ್ದಿಕೊಟ್ಟಾಗ ಅವರು ಗೌರವದಿಂದ ‘ಮೋರ್ ಲೇಟರ್ ಅಂತ ಹಾಕಿದರೆ ಇನ್ನೂ ಗಟ್ಟಿಯಾಗುವುದಿಲ್ಲವೇ ಸಾರ್?’ ಎಂದು ಕೇಳಿದರು.

ಗಟ್ಟಿ ಮಾಡಬೇಕೆಂಬ ಈ ಆಸೆ ನಮ್ಮವರದು ಮಾತ್ರವಲ್ಲ. ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ ಆ್ಯಂಟನಿಯ ಬಾಯಲ್ಲಿ ‘ಮೋಸ್ಟ್ ಅನ್‌ಕೈಂಡೆಸ್ಟ್’ ಎಂಬ ಇಮ್ಮಡಿ ಗುರುತಿನ ಮಾತು ಬರುತ್ತದೆ. ಆ ಕಾಲಕ್ಕೆ ಅದು ಒತ್ತು ಕೊಡುವ ಸಹಜ ರೀತಿಯಾಗಿತ್ತು. 1762ರಲ್ಲಿ ತನ್ನ ವ್ಯಾಕರಣವನ್ನು ಹೊರತಂದ ರಾಬರ್ಟ್ ಲೌತ್‌ನಂಥವರು ಇಂಥದ್ದನ್ನು ಅಶುದ್ಧವೆಂದರು, ಶಾಲೆಗಳು ಆ ತೀರ್ಪನ್ನೇ ಎತ್ತಿಹಿಡಿದವು. ಆದ್ದರಿಂದ ‘ಮೋರ್ ಫಾಸ್ಟರ್’ ಎಂದವರನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ, ಅಂಕ ಕೊಡಲೂ ಮನಸ್ಸಿಲ್ಲ. ಒತ್ತು ಬೇಕೆಂದರೆ ‘ಮಚ್ ಫಾಸ್ಟರ್’ ಎನ್ನಬೇಕು. ‘ವೆರಿ ಫಾಸ್ಟರ್’ ಸಲ್ಲದು.

‘ಅಷ್ಟು’ ಎಂಬುದರಲ್ಲೂ ಇದೇ ಕಥೆ. ‘ಅವನಷ್ಟು ವೇಗವಾಗಿ’ ಎನ್ನಲು ನಮಗೆ ಒಂದು ಗುರುತು ಸಾಕು, ಇಂಗ್ಲಿಷಿಗೆ ಕ್ರಿಯಾವಿಶೇಷಣದ ಹಿಂದೊಂದು ಮುಂದೊಂದು ‘ಆ್ಯಸ್’ ಬೇಕು. ಮೊದಲ ‘ಆ್ಯಸ್’ ಅನ್ನು ನಮ್ಮವರು ನುಂಗುತ್ತಾರೆ. ‘ಲೆಸ್ ಕ್ವಿಕ್ಲಿ ದ್ಯಾನ್’ ಎಂಬುದು ಶುದ್ಧವಾದರೂ ದಿನಬಳಕೆಯ ಮಾತಿನಲ್ಲಿ ‘ನಾಟ್ ಆ್ಯಸ್ ಕ್ವಿಕ್ಲಿ ಆ್ಯಸ್’ ಎಂಬುದೇ ಹೆಚ್ಚು ಸಹಜವಾಗಿ ಕೇಳುತ್ತದೆ.

ಶಾಲೆಗಳ ಕ್ರೀಡಾಕೂಟದ ಬ್ಯಾನರುಗಳಲ್ಲಿ ಕಾಣುವ ‘ಫಾಸ್ಟರ್, ಹೈಯರ್, ಸ್ಟ್ರಾಂಗರ್’ ಎಂಬುದನ್ನು ಎತ್ತಿಕೊಂಡು ಕೆಲವರು ನನ್ನೊಡನೆ ವಾದಕ್ಕಿಳಿಯುತ್ತಾರೆ. 1894ರಲ್ಲಿ ಒಲಿಂಪಿಕ್ ಚಳವಳಿಗೆಂದು ಆರಿಸಿಕೊಂಡ ‘ಸಿಟಿಯಸ್, ಆಲ್ಟಿಯಸ್, ಫೋರ್ಟಿಯಸ್’ ಎಂಬ ಲ್ಯಾಟಿನ್ ಮಾತಿನ ಅನುವಾದ ಅದು. ಮೂಲದ ಮೂರೂ ಪದಗಳನ್ನು ತರತಮದ ಕ್ರಿಯಾವಿಶೇಷಣಗಳೆಂದು ಓದುವುದು ರೂಢಿ. ಇಂಗ್ಲಿಷಿನಲ್ಲಿ ‘ಫಾಸ್ಟರ್’, ‘ಹೈಯರ್’ ಎಂಬುವನ್ನು ಹಾಗೆ ಓದಬಹುದು. ‘ಸ್ಟ್ರಾಂಗರ್’ ಮಾತ್ರ ಗುಣವಾಚಕ, ಕ್ರಿಯಾವಿಶೇಷಣ ಬೇಕಿದ್ದರೆ ‘ಮೋರ್ ಸ್ಟ್ರಾಂಗ್ಲಿ’. ಘೋಷವಾಕ್ಯಕ್ಕೆ ಲಯ ಮುಖ್ಯ, ಅದನ್ನು ಅರ್ಜಿಗೆ ಮಾದರಿಯಾಗಿ ಇಟ್ಟುಕೊಳ್ಳುವುದು ಬೇಡ.

ಇನ್ನು ಸಂದೇಹಾಸ್ಪದವಾದ ಒಂದೆರಡು. ಘಾಟಿಯಲ್ಲಿ ‘ಡ್ರೈವ್ ಸ್ಲೋವರ್’ ಎಂದು ಚಾಲಕನಿಗೆ ಹೇಳಿದರೆ ನಾನು ತಿದ್ದುವುದಿಲ್ಲ. ಇಂಗ್ಲಿಷ್ ಮನೆಮಾತಿನವರೂ ಹಾಗೆ ಅನ್ನುತ್ತಾರೆ. ಪರೀಕ್ಷೆಯಲ್ಲಿ ‘ಮೋರ್ ಸ್ಲೋಲಿ’ ಬರೆಯುವುದು ಕ್ಷೇಮ. ‘ದ್ಯಾನ್ ಮಿ’ ಮಾತಿಗೆ ಸಾಕು, ಪತ್ರಕ್ಕೆ ‘ದ್ಯಾನ್ ಐ ಡು’ ವಾಸಿ. ಆದರೆ ‘ದಿ ಓನರ್ ಟ್ರಸ್ಟ್ಸ್ ಹಿಮ್ ಮೋರ್ ದ್ಯಾನ್ ಮಿ’ ಎಂಬಲ್ಲಿ ಎರಡು ಅರ್ಥಗಳಿವೆ: ಮಾಲೀಕರು ನನ್ನನ್ನು ನಂಬುವುದಕ್ಕಿಂತ ಅವನನ್ನು ಹೆಚ್ಚು ನಂಬುತ್ತಾರೆ ಎಂದೂ ಆಗಬಹುದು, ನಾನು ಅವನನ್ನು ನಂಬುವುದಕ್ಕಿಂತ ಮಾಲೀಕರು ಹೆಚ್ಚು ನಂಬುತ್ತಾರೆ ಎಂದೂ ಆಗಬಹುದು. ಮೊದಲನೆಯದಾದರೆ ‘ದ್ಯಾನ್ ಹಿ ಟ್ರಸ್ಟ್ಸ್ ಮಿ’ ಎಂದೂ ಎರಡನೆಯದಾದರೆ ‘ದ್ಯಾನ್ ಐ ಡು’ ಎಂದೂ ಬಿಡಿಸಿ ಬರೆಯಿರಿ. ಇದನ್ನು ಹೇಳಿಕೊಟ್ಟ ದಿನ ಆ ರೈಟರು ತಮ್ಮ ಹಳೆಯ ಪತ್ರಗಳ ಕಡತವನ್ನೇ ತಂದು ನನ್ನ ಮೇಜಿನ ಮೇಲಿಟ್ಟರು. ಅರ್ಧದಷ್ಟನ್ನು ನೋಡಿ ಮುಗಿಸಿದ್ದೇನೆ.