ರಾಯಚೂರಿನಲ್ಲಿ ಕುಳಿತು ಪಕ್ಕದ ಪ್ರದೇಶದ ಅರ್ಹತಾ ಸುತ್ತು ಏಕೆ ಆಡಬಾರದು?

ಓದುಗರ ಪ್ರಶ್ನೆ: ನಾನು ಸಿಂಧನೂರಿನವನು, ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಕಾಲೇಜಿನ ಗೆಳೆಯರು ಸೇರಿ ಆನ್‌ಲೈನ್ ವಿಡಿಯೊ ಗೇಮ್ ಆಡುವ ಐವರ ತಂಡ ಕಟ್ಟಿದ್ದೇವೆ. ಅಂತರರಾಷ್ಟ್ರೀಯ ಟೂರ್ನಿಗೆ ಸಂಘಟಕರು ಜಗತ್ತನ್ನು ಪ್ರದೇಶಗಳಾಗಿ ಹಂಚಿದ್ದಾರೆ. ನಮ್ಮ ಪ್ರದೇಶಕ್ಕೆ ಒಂದೇ ಸ್ಥಾನ, ಪಕ್ಕದ ಪ್ರದೇಶಕ್ಕೆ ಹಲವು. ಅಲ್ಲಿ ಹೆಸರು ನೋಂದಾಯಿಸಲು ಹೋದರೆ ‘ನಿಮ್ಮ ಪ್ರದೇಶಕ್ಕೆ ಅವಕಾಶವಿಲ್ಲ’ ಎಂದು ಬರುತ್ತದೆ. ಚೆನ್ನಾಗಿ ಆಡುವವನು ಯಾವ ಊರಿನವನಾದರೇನು? ಇದು ಅನ್ಯಾಯವಲ್ಲವೇ ಸರ್? ಬೇರೆ ಕಡೆ ಇರುವಂತೆ ತೋರಿಸುವ ವಿಪಿಎನ್ ಹಾಕಿಕೊಂಡು ಆಡಬಹುದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ವಿಪಿಎನ್ ಬೇಡ. 2019ರಲ್ಲಿ ಫೋರ್ಟ್‌ನೈಟ್ ವಿಶ್ವಕಪ್‌ನ ಆನ್‌ಲೈನ್ ಸುತ್ತು ಶುರುವಾದ ಮೊದಲ ವಾರದಲ್ಲೇ, ಪ್ರದೇಶದ ನಿಯಮ ಮೀರಿ ಎರಡು ಕಡೆ ಕೈಯಾಡಿಸಿದ ಸಾವಿರಕ್ಕೂ ಹೆಚ್ಚು ಖಾತೆಗಳ ಮೇಲೆ ಆ ವಿಡಿಯೊ ಗೇಮ್ ತಯಾರಿಸಿದ ಎಪಿಕ್ ಗೇಮ್ಸ್ ಸಂಸ್ಥೆ ಕ್ರಮ ಕೈಗೊಂಡಿತು. ಅವರಲ್ಲಿ ಬಹುಮಾನದ ಸಾಲಿನಲ್ಲಿದ್ದವರು ಗೆದ್ದ ಹಣವನ್ನೂ ಕಳೆದುಕೊಂಡರು. ನಾಲ್ಕು ಸುತ್ತು ಗೆದ್ದು ಐದನೆಯದರಲ್ಲಿ ಅನರ್ಹರಾದರೆ ನಿಮ್ಮ ಹೆಸರಿನ ಜೊತೆ ಉಳಿದ ನಾಲ್ವರ ಹೆಸರೂ ಕೆಡುತ್ತದೆ.

ಇನ್ನು ನ್ಯಾಯದ ಪ್ರಶ್ನೆ. ಇದನ್ನು ರಾಯಚೂರು, ಕೊಪ್ಪಳ, ಬಳ್ಳಾರಿಯ ಹುಡುಗರಿಗೆ ವಿವರಿಸುವುದು ಬೆಂಗಳೂರಿನವರಿಗೆ ವಿವರಿಸುವುದಕ್ಕಿಂತ ಸುಲಭ. ನೀವು ಡಿಪ್ಲೊಮಾಕ್ಕೆ ಸೇರುವಾಗ 371ಜೆ ಅರ್ಹತಾ ಪ್ರಮಾಣಪತ್ರಕ್ಕಾಗಿ ಸಹಾಯಕ ಆಯುಕ್ತರ ಕಚೇರಿಗೆ ಅಲೆದಿರುತ್ತೀರಿ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ ಆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ. ಮೈಸೂರಿನ ಹುಡುಗನೊಬ್ಬ ‘ಹೆಚ್ಚು ಅಂಕ ಪಡೆದವನು ಯಾವ ಊರಿನವನಾದರೇನು?’ ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಒಳ್ಳೆಯ ಶಾಲೆ, ಕೋಚಿಂಗ್, ಎಲ್ಲವೂ ಒಂದೇ ಕಡೆ ಗುಡ್ಡೆ ಬಿದ್ದಿರುವಾಗ ಬಾಗಿಲು ಪೂರ್ತಿ ತೆರೆದಿಟ್ಟರೆ ಒಳಗೆ ಬರುವವರು ಯಾವಾಗಲೂ ಅವರೇ ಎಂದು ಹೇಳುತ್ತೀರಿ. ಪ್ರದೇಶ ನಿರ್ಬಂಧ ಹುಟ್ಟಿದ್ದೂ ಅದೇ ವಾದದಿಂದ.

ಆ ವಾದಕ್ಕೆ ಒಳ್ಳೆಯ ಸಾಕ್ಷಿ ಕಂಪ್ಯೂಟರಿನ ಯುದ್ಧತಂತ್ರದ ಆಟ ಸ್ಟಾರ್‌ಕ್ರಾಫ್ಟ್ 2. ಅದನ್ನು ತಯಾರಿಸಿದ ಬ್ಲಿಝಾರ್ಡ್ ಸಂಸ್ಥೆ 2013ರಲ್ಲಿ ತನ್ನ ವಿಶ್ವ ಚಾಂಪಿಯನ್‌ಷಿಪ್ ಸರಣಿಯನ್ನು ಕೊರಿಯಾ, ಯುರೋಪ್, ಅಮೆರಿಕ ಎಂದು ಮೂರು ಲೀಗ್‌ಗಳಾಗಿ ಹಂಚಿತು. ಯಾರು ಎಲ್ಲಿ ಬೇಕಾದರೂ ಆಡಬಹುದಿತ್ತು. ಕೊರಿಯಾದಲ್ಲಿ ಸ್ಪರ್ಧೆ ಎಷ್ಟು ಬಿಗಿಯಾಗಿತ್ತೆಂದರೆ, ಅಲ್ಲಿ ಎರಡನೆಯ ಸಾಲಿನಲ್ಲಿದ್ದವರು ಅಮೆರಿಕದ ಲೀಗ್‌ಗೆ ಹೆಸರು ಕೊಟ್ಟು ಸಲೀಸಾಗಿ ಮೇಲೆ ಬಂದರು. ಆ ವರ್ಷದ ಅಂತಿಮ ಹಂತ ತಲುಪಿದ 16 ಆಟಗಾರರಲ್ಲಿ 15 ಮಂದಿ ಕೊರಿಯಾದವರು. ಉಳಿದ ಒಬ್ಬ ಸ್ವೀಡನ್ನಿನ ನಾನಿವಾ. ಹೆಸರಿಗೆ ಮೂರು ಲೀಗ್, ಆಟವೆಲ್ಲ ಒಂದೇ ದೇಶದ್ದು. 2015ರಿಂದ ಲೀಗ್ ನಡೆಯುವ ಪ್ರದೇಶದಲ್ಲಿ ಕಾನೂನುಬದ್ಧ ವಾಸವಿರಬೇಕು ಎಂಬ ನಿಯಮ ಬಂತು, ಮರುವರ್ಷ ಕೊರಿಯಾವನ್ನೇ ಬೇರೆ ಮಾಡಿ ಉಳಿದ ಜಗತ್ತಿಗೆ ಬೇರೆ ಸರಣಿ ನಡೆಸಿದರು. 2018ರಲ್ಲಿ ಫಿನ್ಲೆಂಡಿನ ಸೆರಾಲ್ ಆ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಕೊರಿಯೇತರ ಆಟಗಾರನಾದ. ನಿಯಮವೇ ಅವನನ್ನು ತಯಾರಿಸಿತು ಎಂದರೆ ಅತಿಶಯೋಕ್ತಿ. ಆದರೆ ಬಲಿಯುವ ತನಕ ಹೊಟ್ಟೆಪಾಡಿಗೆ ಸಾಲುವಷ್ಟು ಪಂದ್ಯ ಮತ್ತು ಬಹುಮಾನ ಹೊರಗಿನವರಿಗೂ ಸಿಕ್ಕಿದ್ದು ಆ ನಿಯಮದಿಂದಲೇ. ಇದರ ಬೆಲೆ ತೆತ್ತವರು ಕೊರಿಯಾದ ಎರಡನೆಯ ಸಾಲಿನ ಆಟಗಾರರು. ನಿಮ್ಮ ಪ್ರಶ್ನೆಯನ್ನು ಅವರೂ ಕೇಳಿರಬೇಕು.

ಐವರ ತಂಡಗಳು ಆಡುವ ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟ ಇಷ್ಟು ಕಟ್ಟುನಿಟ್ಟು ಮಾಡದೆ ನಡುದಾರಿ ಹಿಡಿಯಿತು. 2014ರಲ್ಲಿ ಚೀನಾದ ಆಟಗಾರರ ಇಡೀ ತಂಡವೊಂದು ಉತ್ತರ ಅಮೆರಿಕಕ್ಕೆ ಹೋಗಿ ನೆಲೆಸಿ, ಆ ಪ್ರದೇಶದ ಪ್ರತಿನಿಧಿಯಾಗಿಯೇ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಯಿತು. ಅದೇ ವರ್ಷ ಆಟದ ತಯಾರಕ ರಾಯಟ್ ಗೇಮ್ಸ್ ನಿಯಮ ತಂದಿತು: ಕಣಕ್ಕಿಳಿಯುವ ಐವರಲ್ಲಿ ಕನಿಷ್ಠ ಮೂವರು ಆ ಪ್ರದೇಶದ ನಿವಾಸಿಗಳಾಗಿರಬೇಕು.

ಆದರೆ 371ಜೆ ಹೋಲಿಕೆ ಒಂದು ಹಂತದಲ್ಲಿ ಮುರಿಯುತ್ತದೆ. ನಿಮ್ಮ ಅಸಮಾಧಾನಕ್ಕೆ ಆಧಾರವಿರುವುದು ಅಲ್ಲೇ. 371ಜೆ ನಿಮ್ಮನ್ನು ರಾಯಚೂರಿಗೆ ಕಟ್ಟಿಹಾಕುವುದಿಲ್ಲ. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಈ ಭಾಗಕ್ಕಿದೆ. ಅದು ಬೇಡವೆಂದರೆ ಸಾಮಾನ್ಯ ಅರ್ಹತೆಯ ಮೇಲೆ ಬೆಂಗಳೂರಿನಲ್ಲಿ ಯಾರೊಂದಿಗೆ ಬೇಕಾದರೂ ಪೈಪೋಟಿ ಮಾಡಬಹುದು. ಇ-ಸ್ಪೋರ್ಟ್ಸ್, ಅಂದರೆ ವಿಡಿಯೊ ಗೇಮ್ ಸ್ಪರ್ಧೆಗಳ ನಿರ್ಬಂಧ ಹಾಗಲ್ಲ. ಅದು ನಿಮ್ಮ ಪ್ರದೇಶದ ಸ್ಥಾನವನ್ನು ನಿಮಗೆ ಕಾಯ್ದಿರಿಸುತ್ತದೆ, ಉಳಿದ ಎಲ್ಲ ಕಡೆಯ ಬಾಗಿಲು ಹಾಕುತ್ತದೆ. ಹಾಗಾಗಿ ಯಾವುದೇ ಟೂರ್ನಿಯ ನಿರ್ಬಂಧ ನ್ಯಾಯವೋ ಅಲ್ಲವೋ ಎಂದು ನೋಡಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಅದು ಏನು ಕೊಟ್ಟಿದೆ?

ಅದೇ ಫೋರ್ಟ್‌ನೈಟ್ ವಿಶ್ವಕಪ್‌ ನೋಡಿ. ಏಕವ್ಯಕ್ತಿ ವಿಭಾಗದಲ್ಲಿ ನೂರು ಸ್ಥಾನ. ಅವುಗಳನ್ನು ಹಂಚಿದ ಪ್ರತಿ ವಾರದ 20ರಲ್ಲಿ ಯುರೋಪಿಗೆ 8, ಅಮೆರಿಕದ ಪೂರ್ವ ಭಾಗಕ್ಕೆ 6. ಇಡೀ ಏಷ್ಯಾಕ್ಕೆ 1. ಆಡುವವರ ಸಂಖ್ಯೆಗೆ ತಕ್ಕಂತೆ ಹಂಚಿದ್ದೇವೆ ಎಂಬುದು ಇಂಥ ಕಡೆಯೆಲ್ಲ ಸಂಘಟಕರು ಕೊಡುವ ಸಮಜಾಯಿಷಿ. ಆಟ ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ಇಲ್ಲದ ಕಡೆ ಆಡುವವರು ಹೆಚ್ಚುವುದು ಹೇಗೆ, ಆಡುವವರು ಕಡಿಮೆಯಿದ್ದ ಕಡೆ ಸರ್ವರ್ ಹಾಕುವವರು ಯಾರು ಎಂದು ಕೇಳಿದರೆ ಮಾತು ನಿಲ್ಲುತ್ತದೆ.

ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಆಟದ ಅತಿ ದೊಡ್ಡ ಟೂರ್ನಿಗಳನ್ನು ‘ಮೇಜರ್’ ಎನ್ನುತ್ತಾರೆ. 2023ರ ಪ್ಯಾರಿಸ್ ಮೇಜರ್‌ನಲ್ಲೂ 24 ತಂಡಗಳಲ್ಲಿ ಏಷ್ಯಾ-ಪೆಸಿಫಿಕ್‌ಗೆ ಇದ್ದದ್ದು ಎರಡೇ ಸ್ಥಾನ. ಅವುಗಳಲ್ಲಿ ಒಂದನ್ನು ಪಡೆದದ್ದು ದಿ ಮಂಗೋಲ್ಸ್. ಸುಮಾರು 35 ಲಕ್ಷ ಜನಸಂಖ್ಯೆಯ ಮಂಗೋಲಿಯಾದ ಆ ತಂಡ 2025ರಲ್ಲಿ ರಿಯಾದ್‌ನ ಇ-ಸ್ಪೋರ್ಟ್ಸ್ ವಿಶ್ವಕಪ್‌ನಲ್ಲಿ ಕೌಂಟರ್-ಸ್ಟ್ರೈಕ್ ಪ್ರಶಸ್ತಿಯನ್ನೇ ಗೆದ್ದಿತು. 2023ರಲ್ಲಿ ಏಷ್ಯಾಕ್ಕೆ ಮೀಸಲು ಸ್ಥಾನವೇ ಇಲ್ಲದಿದ್ದರೆ ಯುರೋಪಿನ ದೊಡ್ಡ ತಂಡಗಳ ಎದುರು ಆಡಿ ಪಳಗುವ ಅವಕಾಶ ಅವರಿಗೆ ಅಷ್ಟು ಬೇಗ ಸಿಗುತ್ತಿರಲಿಲ್ಲ. ಎರಡು ಸ್ಥಾನ ಸಾಕು ಎಂದಲ್ಲ, ಆದರೆ ಎರಡಕ್ಕೂ ಸೊನ್ನೆಗೂ ಇರುವ ಅಂತರ ದೊಡ್ಡದು.

ಈಗ ನಿಯಮ ಬರೆಯುವವರ ಕೈಯಲ್ಲೂ ಇಲ್ಲದ ಒಂದು ವಿಷಯಕ್ಕೆ ಬರುತ್ತೇನೆ. ನಿರ್ಬಂಧವನ್ನೇ ತೆಗೆದು ನಿಮ್ಮನ್ನು ಸಿಂಗಪುರದ ಸರ್ವರ್‌ನಲ್ಲಿ ಆಡಲು ಬಿಟ್ಟರು ಎಂದಿಟ್ಟುಕೊಳ್ಳಿ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ರಾಯಚೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ 570 ಕಿ.ಮೀ., ಹೋಗಿ ಬರಲು 6 ಮಿಲಿಸೆಕೆಂಡ್ ಸಾಕು. ಸಿಂಗಪುರಕ್ಕೆ ಸುಮಾರು 3,300 ಕಿ.ಮೀ., ಅಂದರೆ 33 ಮಿಲಿಸೆಕೆಂಡ್. ಇದು ಲೆಕ್ಕದ ಮಾತು. ನಿಜದಲ್ಲಿ ತಂತಿ ನೇರವಾಗಿ ಹೋಗುವುದಿಲ್ಲ. ರಾಯಚೂರಿನಿಂದ ಹೊರಟದ್ದು ಹೈದರಾಬಾದೋ ಬೆಂಗಳೂರೋ ಸುತ್ತಿ, ಚೆನ್ನೈಯಲ್ಲಿ ಸಮುದ್ರಕ್ಕಿಳಿದು ಹೋಗಬೇಕು. ಪ್ರತಿ ತಿರುವಿನಲ್ಲೂ ಒಂದಿಷ್ಟು ತಡ. ತೀನ್ ಕಂದೀಲ್ ಹತ್ತಿರದ ಯಾವುದಾದರೂ ಗೇಮಿಂಗ್ ಕೋಣೆಯಲ್ಲಿ ಕುಳಿತು ಪರದೆಯ ಮೂಲೆಯ ಪಿಂಗ್ ಸಂಖ್ಯೆ (ಹೋಗಿ ಬರಲು ಹಿಡಿಯುವ ಸಮಯ) ನೋಡಿದರೆ ಲೆಕ್ಕದ ಎರಡು ಮೂರು ಪಟ್ಟು ಕಾಣುತ್ತದೆ. ವಿಪಿಎನ್ ಹಾಕಿದರೆ ತಂತಿ ಗಿಡ್ಡವಾಗುವುದಿಲ್ಲ, ಸಾಮಾನ್ಯವಾಗಿ ಇನ್ನೊಂದು ನಿಲ್ದಾಣ ಸೇರಿಕೊಳ್ಳುತ್ತದೆ, ಅಷ್ಟೆ.

ಇದರಿಂದ ಏನಾಗುತ್ತದೆ? ವ್ಯಾಲೊರಂಟ್ ಎಂಬ ಗುಂಡಿನ ಆಟದಲ್ಲಿ ನೀವು ಗೋಡೆಯ ಮೂಲೆಗೆ ಗುರಿಯಿಟ್ಟು ನಿಂತಿದ್ದೀರಿ. ಎದುರಾಳಿ ಮೂಲೆ ದಾಟಿ ಬರುತ್ತಾನೆ. ಅವನು ಬಂದ ಸುದ್ದಿ ಅವನ ಯಂತ್ರದಿಂದ ಸರ್ವರ್‌ಗೆ, ಅಲ್ಲಿಂದ ನಿಮ್ಮ ಪರದೆಗೆ ತಲುಪಬೇಕು. ನೀವು ಮಾತ್ರ ಮೊದಲಿನಿಂದಲೂ ಅಲ್ಲೇ ನಿಂತಿರುವುದರಿಂದ, ಮೂಲೆ ದಾಟಿದ ಕ್ಷಣವೇ ಅವನಿಗೆ ಕಾಣುತ್ತೀರಿ. ಸರ್ವರ್ ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನು ಹೊಸದಾಗಿ ಲೆಕ್ಕ ಹಾಕುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ನೀವು 80 ಮಿಲಿಸೆಕೆಂಡ್ ದೂರದಲ್ಲಿದ್ದರೆ ಹಲವು ಲೆಕ್ಕಗಳಷ್ಟು ಹಿಂದಿನ ಜಗತ್ತನ್ನು ನೋಡುತ್ತಿರುತ್ತೀರಿ. ಸತ್ತ ಮೇಲೆ ‘ಅವನು ಕಾಣಲೇ ಇಲ್ಲ’ ಎಂದು ಗೊಣಗುವುದು ಸುಳ್ಳಲ್ಲ. ಮುಖ್ಯ ಹಂತಗಳನ್ನು ಎಲ್ಲರನ್ನೂ ಒಂದೇ ವೇದಿಕೆಗೆ ಕರೆಸಿ, ಒಂದೇ ಕೋಣೆಯ ಸರ್ವರ್‌ನಲ್ಲಿ ಆಡಿಸುವುದು ಇದಕ್ಕಾಗಿಯೇ. ಏಪ್ರಿಲ್ ತಿಂಗಳ ಕರೆಂಟು ಇದರ ಮೇಲಿನ ಕೊಸರು. ರಾಜ್ಯಕ್ಕೆ ಬೆಳಕು ಕೊಡುವ ಶಕ್ತಿನಗರ ಪಕ್ಕದಲ್ಲಿದ್ದೂ ಯುಪಿಎಸ್ ಇಲ್ಲದೆ ಪಂದ್ಯ ಆಡುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ.

ದೂರದ ತೊಡಕನ್ನು ಬಿಟ್ಟರೆ ಇಲ್ಲಿಯವರೆಗಿನವು ಸಂಘಟಕರು ಹಾಕಿದ ನಿರ್ಬಂಧಗಳು. ಮೊಬೈಲ್ ಆಟಗಾರರಿಗೆ ಹೆಚ್ಚು ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 2020ರ ಆಗಸ್ಟ್‌ನಲ್ಲಿ ಪಬ್‌ಜಿ ಮೊಬೈಲ್ ವಿಶ್ವ ಲೀಗ್‌ನ ಪೂರ್ವ ವಿಭಾಗದಲ್ಲಿ ಭಾರತದ ಆರೆಂಜ್ ರಾಕ್ ತಂಡ ಎರಡನೆಯ ಸ್ಥಾನ ಪಡೆದಿತ್ತು. ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಪಬ್‌ಜಿ ಅದರಲ್ಲೊಂದು. 2021ರ ಜುಲೈನಲ್ಲಿ ಭಾರತಕ್ಕೆಂದೇ ಅದೇ ಆಟದ ಬಿಜಿಎಂಐ ಎಂಬ ಆವೃತ್ತಿ ಬಂತು, 2022ರ ಜುಲೈನಲ್ಲಿ ಅದೂ ಮಾಯವಾಯಿತು, 2023ರ ಮೇ ಹೊತ್ತಿಗೆ ಮರಳಿತು. ಆಟ ಅದೇ ಆದರೂ ಖಾತೆ ಬೇರೆ. ಬಿಜಿಎಂಐ ಖಾತೆಯಿಂದ ಜಾಗತಿಕ ಆವೃತ್ತಿಯವರೊಂದಿಗೆ ಆಡಲು ಬರುವುದಿಲ್ಲ. ಹೊರಗಿನವರೊಂದಿಗೆ ದಿನವೂ ಅಭ್ಯಾಸ ಮಾಡಲಾಗದವರು ವರ್ಷಕ್ಕೊಮ್ಮೆ ನೇರವಾಗಿ ಅವರ ಎದುರು ಕೂರಬೇಕು. ನನ್ನ ಅಳತೆಗೆ ಹಿಡಿದರೆ ಇಲ್ಲಿ ಕಿತ್ತುಕೊಂಡದ್ದು ಬಹಳ, ಕೊಟ್ಟದ್ದು ಕಡಿಮೆ. ದೇಶದ ಭದ್ರತೆಯ ಕಾರಣ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಆಟಗಾರನ ತಪ್ಪಂತೂ ಅಲ್ಲ.

ರಾಜಕೀಯ ನಡುವೆ ಬಂದಾಗಲೂ ಆಟಗಾರನಿಗೆ ಕಿಂಡಿಯೊಂದನ್ನು ಬಿಡಬಹುದು. 2022ರಲ್ಲಿ ಉಕ್ರೇನ್ ಯುದ್ಧದ ನಂತರ ರಷ್ಯಾದ ವರ್ಟಸ್.ಪ್ರೊ ಸಂಸ್ಥೆಗೆ ತನ್ನ ಹೆಸರಿನಲ್ಲಿ ಆಡಲು ಅವಕಾಶ ಸಿಗಲಿಲ್ಲ. ಆಟಗಾರರು ‘ಔಟ್‌ಸೈಡರ್ಸ್’ ಎಂಬ ತಟಸ್ಥ ಹೆಸರಿನಲ್ಲಿ ಆಡಿದರು, ಆ ವರ್ಷ ರಿಯೋದಲ್ಲಿ ನಡೆದ ಕೌಂಟರ್-ಸ್ಟ್ರೈಕ್ ಮೇಜರ್ ಗೆದ್ದರು.

ಭಾರತದ ಹೆಸರಿನ ಸ್ಥಾನ ಸಿಕ್ಕ ಮಾತ್ರಕ್ಕೆ ಅದು ಭಾರತದ ಹುಡುಗರಿಗೇ ಸಿಗುತ್ತದೆ ಎಂದುಕೊಳ್ಳಬೇಡಿ. ವ್ಯಾಲೊರಂಟ್‌ನ ಪೆಸಿಫಿಕ್ ಲೀಗ್ 2023ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಶುರುವಾದಾಗ ಹತ್ತು ತಂಡಗಳಲ್ಲಿ ಭಾರತದ್ದು ಗ್ಲೋಬಲ್ ಇ-ಸ್ಪೋರ್ಟ್ಸ್ ಒಂದೇ. ಅದರಲ್ಲೂ ಕೊರಿಯಾ, ಇಂಡೋನೇಷ್ಯಾದ ಆಟಗಾರರಿದ್ದರು. ಗೆಲ್ಲಬೇಕೆಂಬ ಸಂಸ್ಥೆ ಹೀಗೆ ಮಾಡುವುದು ಸಹಜ. ಆದರೆ ಅಂಥ ಕಡೆ ಲೀಗ್ ಆಫ್ ಲೆಜೆಂಡ್ಸ್‌ನ ‘ಐವರಲ್ಲಿ ಮೂವರು’ ನಿಯಮದ ಬೆಲೆ ಗೊತ್ತಾಗುತ್ತದೆ.

ಇನ್ನು ನಿಮ್ಮ ತಂಡದ ಮಾತು. ಟೂರ್ನಿಯ ನಿಯಮಾವಳಿಯಲ್ಲಿ ಅರ್ಹತೆಯ ಭಾಗವನ್ನು ಮೊದಲು ಓದಿ. ಅಲ್ಲಿ ಪ್ರದೇಶವನ್ನು ಪೌರತ್ವದಿಂದ ಅಳೆಯುತ್ತಾರೋ, ವಾಸದಿಂದಲೋ, ಆಟದ ಖಾತೆ ತೆರೆದ ದೇಶದಿಂದಲೋ ನೋಡಿ. ಮೂರೂ ಬೇರೆ ಬೇರೆ. ತಂಡದಲ್ಲಿ ಒಬ್ಬನ ಖಾತೆಯನ್ನು ದುಬೈಯಲ್ಲಿರುವ ಅಣ್ಣ ತೆರೆದು ಕೊಟ್ಟಿದ್ದರೆ ಅಷ್ಟಕ್ಕೇ ಇಡೀ ತಂಡ ಸಿಕ್ಕಿಬೀಳಬಹುದು. ಬೇರೆ ಪ್ರದೇಶದಲ್ಲಿ ಆಡಲೇಬೇಕೆಂದರೆ ಸರಿಯಾದ ದಾರಿ ಅಲ್ಲಿಗೆ ಹೋಗಿ ನೆಲೆಸುವುದು, ಓದಿಗೋ ಕೆಲಸಕ್ಕೋ. ನಿಯಮ ವಾಸವನ್ನು ಕೇಳುವಾಗ ಇದು ನಡೆಯುತ್ತದೆ, ಪೌರತ್ವ ಕೇಳುವಾಗ ಇಲ್ಲ. ಐವರಲ್ಲಿ ಎಷ್ಟು ಜನರ ಬಳಿ ಪಾಸ್‌ಪೋರ್ಟ್ ಇದೆ ಎಂದು ಈಗಲೇ ಕೇಳಿ ಇಟ್ಟುಕೊಳ್ಳಿ, ಗೆದ್ದ ಮೇಲೆ ಅರ್ಜಿ ಹಾಕಿದರೆ ವೀಸಾಕ್ಕೆ ದಿನ ಉಳಿಯುವುದಿಲ್ಲ. ಪ್ರವೇಶ ಶುಲ್ಕ ಕೇಳಿದರೆ ಅದು ನಿಜವಾದ ಇ-ಸ್ಪೋರ್ಟ್ಸ್ ಟೂರ್ನಿಯೋ, ಹಣ ಕಟ್ಟಿ ಹಣ ಗೆಲ್ಲುವ ಆಟವೋ ನೋಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಮೊದಲನೆಯದನ್ನು ಮಾನ್ಯ ಮಾಡಿದೆ, ಎರಡನೆಯದನ್ನು ನಿಷೇಧಿಸಿದೆ. ಅನುಮಾನ ಉಳಿದರೆ ಶುಲ್ಕ ಕಟ್ಟುವ ಮೊದಲೇ ಸಂಘಟಕರಿಗೆ ಇಮೇಲ್ ಬರೆದು, ಐವರ ಪೌರತ್ವ, ಊರು, ಖಾತೆಯ ವಿವರ ತಿಳಿಸಿ, ಆಡಬಹುದೇ ಎಂದು ಕೇಳಿ. ಅವರ ಲಿಖಿತ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ.